ಶೋಧಯಂತ್ರದ ತಾರತಮ್ಯವಿಚಾರ

೧೯೦೫ನೆಯ ಇಸವಿಯಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಗರಿಯ ಕಟ್ಟೊಂದನ್ನು ತಂದೊಪ್ಪಿಸಿದರೆಂಬುದೂ, ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರೆಂಬುದೂ ವಿದ್ವಾಂಸರೆಲ್ಲರೂ ಬಲ್ಲ ವಿಷಯ. ೧೯೦೯ರಲ್ಲಿ ಮೂಲವೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವೂ ಗ್ರಂಥರೂಪದಲ್ಲಿ ಪ್ರಕಟವಾದುವು. ಅದಕ್ಕೆ ಮೊದಲು ಆ ಗ್ರಂಥದ ಹೆಸರು ಲೋಕಕ್ಕೆ ತಿಳಿಯದೆ ಇರಲಿಲ್ಲ. ದಂಡಿ, ಬಾಣ ಮೊದಲಾದವರು ಅದನ್ನು ಸ್ಮರಿಸಿದ್ದರು. ಹೆಸರು ಇದ್ದಿತು, ಗ್ರಂಥವೂ ಇದ್ದಿತು. ಹೆಸರಿನಿಂದ ಗ್ರಂಥಕ್ಕೆ ಹೋಗುವ ದಾರಿಯೊಂದು ಮಾತ್ರ ಇರಲಿಲ್ಲ. ಕನ್ನಡದಲ್ಲಿ ಇದಕ್ಕಿಂತ ದುಃಖಕರವಾದ ಉದಾಹರಣೆಯೂ ಉಂಟು. ಕವಿರಾಜಮಾರ್ಗವು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನೂ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಎಂಬ ಪದ್ಯಕಾರರನ್ನೂ ಹೆಸರಿಸುತ್ತದೆ. ಆ ಗ್ರಂಥವು ಹೊಗಳುವ ಆ ಗದ್ಯವಾಗಲಿ ಪದ್ಯವಾಗಲಿ ಇಂದು ಕೈಗೆ ಸಿಕ್ಕುವಂತಿಲ್ಲ. ಕೃತಿಯಿರುವುದು ಬೇರೆ, ಕೃತಿ ಸಿಕ್ಕುವುದು ಬೇರೆ ಎಂಬ ಮಾತು ಇದರಿಂದ ಸ್ಪಷ್ಟವಾಗುವುದು.

ಈ ಸಿಕ್ಕುವಿಕೆಯ ಕಾರ್ಯವು ಹಿಂದೆ ಗ್ರಂಥಪಾಲಕನದಾಗಿತ್ತು, ಕೋಶಕಾರನದಾಗಿತ್ತು, ಕವಿಚರಿತೆಯನ್ನು ಬರೆದವರದಾಗಿತ್ತು. ಇಂದು ಅದರ ಬಹುಭಾಗವನ್ನು ಸರ್ಚ್ ಎಂಜಿನ್ ಎಂದು ವ್ಯವಹಾರದಲ್ಲಿರುವ ಶೋಧಯಂತ್ರವು, ಅದರಲ್ಲಿಯೂ ಗೂಗಲ್ ಎಂಬ ಒಂದು ಸಂಸ್ಥೆಯ ಶೋಧಯಂತ್ರವು, ವಹಿಸಿಕೊಂಡಿದೆ. ಪಂಪನ ಕಾಲವನ್ನು ತಿಳಿಯಬೇಕೆನ್ನುವ ವಿದ್ಯಾರ್ಥಿಯೂ, ಒಂದು ದೇಶ್ಯಶಬ್ದದ ಅರ್ಥಕ್ಕಾಗಿ ತಡಕಾಡುವ ಉಪಾಧ್ಯಾಯನೂ ಮೊದಲು ಕೈಯಿಡುವುದು ಅದರ ಮೇಲೆಯೆ. ಕೇಳಿದ ಮಾತಿಗೆ ಸಂಬಂಧಪಟ್ಟ ಪುಟಗಳನ್ನು ಅದು ಸುಮ್ಮನೆ ರಾಶಿಹಾಕುವುದಿಲ್ಲ. ಇದು ಮೊದಲು, ಇದು ಅನಂತರ ಎಂದು ಸಾಲಾಗಿ ನಿಲ್ಲಿಸುತ್ತದೆ. ಸಾಲಾಗಿ ನಿಲ್ಲಿಸುವುದೆಂದರೆ ತಾರತಮ್ಯವನ್ನು ಹೇಳುವುದು. ತಾರತಮ್ಯವನ್ನು ಹೇಳುವುದೆಂದರೆ ವಿಮರ್ಶಿಸುವುದು. ಆದಕಾರಣ ಶೋಧಯಂತ್ರವನ್ನು ಒಬ್ಬ ವಿಮರ್ಶಕನೆಂದು ಭಾವಿಸಿ, ಅದರ ಪ್ರಮಾಣಗಳನ್ನೂ, ಆ ಪ್ರಮಾಣಗಳು ಆಗಾಗ್ಗೆ ಬದಲಾದಾಗ ಜಾಲತಾಣಗಳಿಗೆ ಒದಗುವ ಫಲವನ್ನೂ, ಅದರಲ್ಲಿ ಕನ್ನಡಕ್ಕೆ ಬರತಕ್ಕ ಲಾಭನಷ್ಟಗಳನ್ನೂ ಪರೀಕ್ಷಿಸುವುದು ಅನುಚಿತವಾಗಲಾರದು.

ಮೊದಲು ಯಂತ್ರದ ಕ್ರಮ. ಅದರ ಕೆಲಸ ಮೂರು ಬಗೆಯದು. ಮೊದಲನೆಯದು ಲಿಂಕುಗಳನ್ನು ಹಿಡಿದುಕೊಂಡು ಒಂದು ಪುಟದಿಂದ ಇನ್ನೊಂದಕ್ಕೆ ಹೋಗುತ್ತ ಪುಟಗಳನ್ನು ಓದಿಕೊಳ್ಳುವುದು. ಎರಡನೆಯದು ಯಾವ ಶಬ್ದ ಯಾವ ಪುಟದಲ್ಲಿದೆಯೆಂದು ಅನುಕ್ರಮಣಿಕೆಯನ್ನು ಕಟ್ಟಿಕೊಳ್ಳುವುದು. ಮೂರನೆಯದು ಪ್ರಶ್ನೆ ಬಂದಾಗ ಆ ಅನುಕ್ರಮಣಿಕೆಯಿಂದ ಆಯ್ದ ಪುಟಗಳನ್ನು ಶ್ರೇಣಿಗೊಳಿಸುವುದು. ಮೊದಲೆರಡು ಕೆಲಸಗಳು ಗ್ರಂಥಪಾಲಕನಿಗೆ ಹೊಸವಲ್ಲ, ಮೂರನೆಯದರಲ್ಲಿಯೇ ವಿಶೇಷವಿರುವುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸರ್ಜಿ ಬ್ರಿನ್ ಮತ್ತು ಲ್ಯಾರಿ ಪೇಜ್ ಎಂಬವರು ೧೯೯೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದರ ತತ್ತ್ವವನ್ನು ವಿವರಿಸಿದರು. ಒಂದು ಪುಟವನ್ನು ಎಷ್ಟು ಪುಟಗಳು ಲಿಂಕಿನಿಂದ ನಿರ್ದೇಶಿಸುತ್ತವೆ ಎಂಬುದೊಂದೇ ಅಲ್ಲ, ನಿರ್ದೇಶಿಸುವ ಪುಟಗಳ ಗೌರವವೆಷ್ಟು ಎಂಬುದನ್ನೂ ಗಣಿಸಿ ಆ ಪುಟದ ಬೆಲೆಯನ್ನು ಕಟ್ಟುವುದೇ ಪೇಜ್‌ರ‍್ಯಾಂಕ್ ಎಂಬ ಆ ಕ್ರಮದ ಸಾರ. ಇದು ವಿದ್ವತ್ ಪ್ರಪಂಚದಿಂದಲೇ ಎರವಲು ತಂದ ತತ್ತ್ವ. ಒಬ್ಬ ಪಂಡಿತನ ಮಾತನ್ನು ಬೇರೆ ಪಂಡಿತರು ಎಷ್ಟು ಉದಾಹರಿಸುವರೋ ಅಷ್ಟು ಅದಕ್ಕೆ ತೂಕ. ಮಲ್ಲಿನಾಥನಂಥವನು ಉದಾಹರಿಸಿದರೆ ಇನ್ನೂ ಹೆಚ್ಚು ತೂಕ.

ತತ್ತ್ವವು ಸರಳವೂ ಸುಂದರವೂ ಆದುದೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಮುಂಚಿನ ಯಂತ್ರಗಳಲ್ಲಿ ಒಂದು ಶಬ್ದವನ್ನು ಪುಟದೊಳಗೆ ನೂರು ಸಲ ತುರುಕಿದವನೇ ಮುಂದೆ ನಿಲ್ಲುವ ಸಂಭವವಿತ್ತು. ಆದರೆ ಈ ತತ್ತ್ವದ ಹಿಂದೆ ಒಂದು ಊಹೆಯಿದೆ: ಉದಾಹರಿಸುವವನು ಸ್ವತಂತ್ರನಾಗಿ, ಗುಣವನ್ನು ಕಂಡು ಉದಾಹರಿಸುತ್ತಾನೆ ಎಂಬುದು. ಆ ಊಹೆ ನಿಂತಿರುವವರೆಗೆ ಶ್ರೇಣಿಯೂ ನಿಲ್ಲುವುದು. ಶ್ರೇಣಿಯಿಂದ ದ್ರವ್ಯಲಾಭವುಂಟೆಂದು ತಿಳಿದೊಡನೆಯೇ ಜನರು ಲಿಂಕುಗಳನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ತೊಡಗಿದರು. ಸಭೆಯಲ್ಲಿ ತಲೆದೂಗುವುದಕ್ಕೆ ಕೂಲಿಯಾಳುಗಳನ್ನು ಕೂರಿಸಿದ ಮೇಲೆ ತಲೆದೂಗಿದವರನ್ನು ಎಣಿಸಿ ಕಾವ್ಯದ ಬೆಲೆಯನ್ನು ಕಟ್ಟುವುದು ಹೇಗೆ? ಯಾವ ಗುರುತಿನಿಂದ ಗುಣವನ್ನು ಅಳೆಯುತ್ತಾರೋ ಆ ಗುರುತನ್ನೇ ತಯಾರಿಸುವವರು ಹುಟ್ಟುತ್ತಾರೆ. ಆಗ ಆ ಗುರುತು ಅಳತೆಗೋಲಾಗಿ ಉಳಿಯುವುದಿಲ್ಲ. ಅಪ್‌ಡೇಟ್ ಎಂದು ಕರೆಯುವ ಪರಿಷ್ಕರಣಗಳ ಚರಿತ್ರೆಯೆಲ್ಲವೂ ಬಹುಮಟ್ಟಿಗೆ ಈ ಒಂದು ಸಂಕಟದ ಚರಿತ್ರೆಯೇ ಆಗಿದೆ.

೨೦೧೧ರ ಫೆಬ್ರವರಿಯಲ್ಲಿ ಬಂದ ಪಾಂಡಾ ಎಂಬ ಪರಿಷ್ಕರಣವು ಹುರುಳಿಲ್ಲದ ಬರಹವನ್ನು ರಾಶಿರಾಶಿಯಾಗಿ ತಯಾರಿಸುವ ತಾಣಗಳನ್ನು ಕೆಳಕ್ಕೆ ತಳ್ಳಿತು. ಅಮೆರಿಕದಲ್ಲಿ ಕೇಳುವ ನೂರು ಪ್ರಶ್ನೆಗಳಲ್ಲಿ ಸುಮಾರು ೧೨ಕ್ಕೆ ಉತ್ತರದ ಸಾಲು ಗಮನಾರ್ಹವಾಗಿ ಬದಲಾಗುವುದೆಂದು ಸಂಸ್ಥೆಯೇ ತಿಳಿಸಿತು. ೨೦೧೨ರ ಏಪ್ರಿಲಿನಲ್ಲಿ ಬಂದ ಪೆಂಗ್ವಿನ್ ಎಂಬುದು ಕೊಂಡುಕೊಂಡ ಲಿಂಕುಗಳ ಮೇಲೆ ಕೈಮಾಡಿತು. ೨೦೧೫ರ ಏಪ್ರಿಲ್ ೨೧ರಂದು ಮೊಬೈಲಿನಲ್ಲಿ ಸುಲಭವಾಗಿ ಓದಬಹುದಾದ ಪುಟಗಳಿಗೆ ಮೊಬೈಲ್ ಶೋಧದಲ್ಲಿ ಪ್ರಾಶಸ್ತ್ಯ ದೊರೆಯಿತು. ೨೦೧೯ರ ಅಕ್ಟೋಬರಿನಲ್ಲಿ ಬರ್ಟ್ ಎಂಬ ಭಾಷಾಮಾದರಿಯು ಪ್ರಶ್ನೆಯ ಬಿಡಿ ಶಬ್ದಗಳನ್ನಲ್ಲದೆ ಅವುಗಳ ಅನ್ವಯವನ್ನೂ ಗ್ರಹಿಸಲು ತೊಡಗಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ೭೦ಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು. ೨೦೨೨ರ ಆಗಸ್ಟಿನಲ್ಲಿ, ಯಂತ್ರವನ್ನು ಮೆಚ್ಚಿಸುವುದಕ್ಕಾಗಿ ಬರೆದ ಬರಹಕ್ಕಿಂತ ಮನುಷ್ಯರಿಗಾಗಿ ಬರೆದ ಬರಹವನ್ನು ಮೇಲಿಡುವ ಕ್ರಮವೊಂದು ಇಂಗ್ಲಿಷಿಗೆ ಬಂದು, ಆ ವರ್ಷದ ಡಿಸೆಂಬರಿನಲ್ಲಿ ಎಲ್ಲ ಭಾಷೆಗಳಿಗೂ ಅನ್ವಯವಾಯಿತು. ೨೦೨೪ರ ಮಾರ್ಚಿಯಲ್ಲಿ ಮೊದಲಾದ ಪರಿಷ್ಕರಣದಲ್ಲಿ ಅದನ್ನು ಮೂಲಕ್ರಮದೊಳಗೇ ಸೇರಿಸಿದರು. ಇವಲ್ಲದೆ ವರ್ಷಕ್ಕೆ ಹಲವು ಸಲ ಮೂಲಕ್ರಮವೇ ಪರಿಷ್ಕೃತವಾಗುವುದುಂಟು.

ಪ್ರತಿಯೊಂದು ಪರಿಷ್ಕರಣವನ್ನೂ ಬಿಡಿಯಾಗಿ ನೋಡಿದರೆ ಅದರ ಉದ್ದೇಶವು ಸಾಧುವೆಂದೇ ತೋರುವುದು. ಕಳ್ಳಲಿಂಕನ್ನು ತಡೆಯುವುದೂ, ಹುರುಳಿಲ್ಲದುದನ್ನು ಕೆಳಗಿಡುವುದೂ ವಿಮರ್ಶಕನ ಧರ್ಮವೇ ಸರಿ. ಆಕ್ಷೇಪವಿರುವುದು ಉದ್ದೇಶದಲ್ಲಲ್ಲ, ತೀರ್ಪಿನ ರೀತಿಯಲ್ಲಿ. ಪರಿಷ್ಕರಣದ ಮರುದಿನ ಒಂದು ತಾಣವು ಮೊದಲ ಪುಟದಿಂದ ಮೂರನೆಯ ಪುಟಕ್ಕೆ ಜಾರಿದರೆ ಅದರಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಅಂಗಡಿಯೂ ಅದೇ, ಸರಕೂ ಅದೇ. ಬೀದಿ ಮಾತ್ರ ಬೇರೆ ಕಡೆಗೆ ತಿರುಗಿಬಿಟ್ಟಿರುತ್ತದೆ. ಹೀಗೆ ಕೆಳಗಿಳಿದ ಪುಟದಲ್ಲಿ ದೋಷವಿರಲೇಬೇಕೆಂದಿಲ್ಲ ಎಂದು ಸಂಸ್ಥೆಯೇ ಹೇಳುತ್ತದೆ. ೨೦೧೫ರಲ್ಲಿ ಮಾಡಿದ ನೂರು ಉತ್ತಮ ಚಲನಚಿತ್ರಗಳ ಪಟ್ಟಿಯನ್ನು ನಾಲ್ಕು ವರ್ಷಗಳ ಮೇಲೆ ತಿದ್ದಿದರೆ ಕೆಲವು ಚಿತ್ರಗಳು ಕೆಳಗಿಳಿಯುವುದು ಸಹಜವಲ್ಲವೆ ಎಂಬ ದೃಷ್ಟಾಂತವನ್ನೂ ಕೊಟ್ಟಿದೆ. ದೃಷ್ಟಾಂತವು ಚೆನ್ನಾಗಿದೆ; ಆದರೆ ಪೂರ್ಣವಾಗಿಲ್ಲ. ಪಟ್ಟಿಯನ್ನು ಮಾಡಿದ ವಿಮರ್ಶಕನನ್ನು ಕಂಡು, ಇದನ್ನೇಕೆ ಇಳಿಸಿದೆ, ಅದನ್ನೇಕೆ ಏರಿಸಿದೆ ಎಂದು ಕೇಳಬಹುದು. ಅವನು ಕಾರಣವನ್ನು ಹೇಳಬೇಕು, ಹೇಳದಿದ್ದರೆ ಅವನನ್ನು ವಿಮರ್ಶಕನೆನ್ನುವವರಿಲ್ಲ. ಕನ್ನಡದಲ್ಲಿ ದೊರೆತಿರುವ ಮೊದಲನೆಯ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ದೋಷವನ್ನು ಹೇಳುವಾಗ ದೋಷವುಳ್ಳ ಪದ್ಯವನ್ನು ತೋರಿಸಿ, ಅದನ್ನು ತಿದ್ದಿದರೆ ಹೇಗಾಗುವುದೆಂಬುದನ್ನೂ ಪಕ್ಕದಲ್ಲಿಯೇ ತೋರಿಸುತ್ತದೆ. ಕಾರಣವನ್ನು ಕೊಟ್ಟು ತಿದ್ದುವುದು ಸಾವಿರದ ನೂರು ವರ್ಷಗಳಿಗೂ ಹಿಂದಿನಿಂದ ಈ ನಾಡಿನ ವಿಮರ್ಶೆಯ ಪದ್ಧತಿ. ಯಂತ್ರದ ವಿಮರ್ಶೆಯಲ್ಲಿ ತೀರ್ಪು ಉಂಟು, ಲಕ್ಷ್ಯವಿಲ್ಲ. ಸಾಮಾನ್ಯವಾದ ಹಿತವಚನವುಂಟು, ಈ ಪುಟದ ಈ ದೋಷವೆಂಬ ನಿರ್ದೇಶವಿಲ್ಲ.

ಇದಕ್ಕೆ ಸಂಸ್ಥೆಯ ಕಡೆಯಿಂದ ಬರತಕ್ಕ ಸಮಾಧಾನವೂ ಅಲಕ್ಷ್ಯಮಾಡುವಂಥದಲ್ಲ. ಅಳತೆಯ ಗುಟ್ಟನ್ನು ಬಿಟ್ಟುಕೊಟ್ಟರೆ ಮೋಸಗಾರರು ಮೊದಲು ಅದನ್ನು ಕಲಿಯುವರು, ಸಜ್ಜನರು ಕಡೆಗೆ ಕಲಿಯುವರು. ಪ್ರಶ್ನೆಪತ್ರಿಕೆಯನ್ನು ಮುಂದಾಗಿ ಹಂಚಿದರೆ ಪರೀಕ್ಷೆಗೆ ಅರ್ಥವೇನು? ಈ ಮಾತು ನಿಜ. ಆದರೆ ಪ್ರಶ್ನೆಪತ್ರಿಕೆಯನ್ನು ಗುಟ್ಟಾಗಿಡುವುದು ಬೇರೆ, ಪರೀಕ್ಷೆಯಾದ ಮೇಲೆ ಉತ್ತರಪತ್ರಿಕೆಯಲ್ಲಿ ತಪ್ಪನ್ನು ತೋರಿಸದಿರುವುದು ಬೇರೆ. ಮೊದಲನೆಯದಕ್ಕೆ ಇರುವ ಸಮರ್ಥನೆಯು ಎರಡನೆಯದಕ್ಕೆ ಸಲ್ಲದು.

ಇನ್ನು ಪ್ರಮಾಣಗಳ ಸ್ವರೂಪ. ಶ್ರೇಣಿಯ ಗುಣಾವಗುಣಗಳನ್ನು ನೋಡುವುದಕ್ಕಾಗಿ ಸಂಸ್ಥೆಯು ಪರೀಕ್ಷಕರನ್ನು ನಿಯಮಿಸಿ, ಅವರಿಗೊಂದು ಕೈಪಿಡಿಯನ್ನು ಬರೆದಿದೆ. ಅದರಲ್ಲಿ ಪರಿಣತಿ, ಅಧಿಕಾರ, ವಿಶ್ವಾಸಾರ್ಹತೆ ಎಂಬ ಮೂರು ಗುಣಗಳಿದ್ದುವು. ೨೦೨೨ರ ಡಿಸೆಂಬರಿನಲ್ಲಿ ಅನುಭವವೆಂಬ ನಾಲ್ಕನೆಯದು ಸೇರಿತು. ಪರೀಕ್ಷಕರ ಅಂಕಗಳು ಯಾವೊಂದು ಪುಟದ ಸ್ಥಾನವನ್ನೂ ನೇರವಾಗಿ ನಿರ್ಣಯಿಸುವುದಿಲ್ಲ. ಕ್ರಮವು ಸರಿಯಾಗಿ ನಡೆಯುತ್ತಿದೆಯೆ ಎಂದು ನೋಡುವುದಕ್ಕೆ ಮಾತ್ರ ಅವು ಒದಗುತ್ತವೆ. ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಈ ನಾಲ್ಕು ಗುಣಗಳು ಅಪರಿಚಿತವಲ್ಲ. ಶಬ್ದಪ್ರಮಾಣವನ್ನು ಹೇಳುವಾಗ ಆಪ್ತನ ಮಾತೇ ಪ್ರಮಾಣವೆಂದು ಗೌತಮನು ಹೇಳಿದನು. ವಸ್ತುವನ್ನು ಸಾಕ್ಷಾತ್ತಾಗಿ ಕಂಡು, ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನೇ ಆಪ್ತನೆಂದು ವಾತ್ಸ್ಯಾಯನನು ವಿವರಿಸಿದನು. ಆಪ್ತತ್ವವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿರುವುದು ಇಲ್ಲಿ ನೆನೆಯತಕ್ಕ ಮಾತು. ಆಪ್ತತ್ವವಿರುವುದು ಹೇಳುವವನ ಅರಿವಿನಲ್ಲಿ ಮತ್ತು ಪ್ರಾಮಾಣಿಕತೆಯಲ್ಲಿ. ಅವನ ಕುಲದಲ್ಲಿಯೂ ಅಲ್ಲ, ಪೀಠದಲ್ಲಿಯೂ ಅಲ್ಲ.

ಯಂತ್ರಕ್ಕೆ ಆಪ್ತತ್ವವು ಕಾಣಿಸದು. ಆಪ್ತತ್ವದ ಹೊರಗುರುತುಗಳು ಮಾತ್ರ ಕಾಣುವುವು. ಲಿಂಕುಗಳೆಷ್ಟು, ಪುಟವು ಮೊಬೈಲಿನಲ್ಲಿ ಹೇಗೆ ತೆರೆಯುತ್ತದೆ, ಅದರ ಮಾತು ಪ್ರಶ್ನೆಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬಿವೇ ಮೊದಲಾದವು. ಗುರುತಿನಿಂದ ವಸ್ತುವನ್ನು ನಿರೂಪಿಸ ಹೊರಟಾಗ ಬರತಕ್ಕ ಎರಡು ದೋಷಗಳನ್ನು ತಾರ್ಕಿಕರು ಅವ್ಯಾಪ್ತಿ, ಅತಿವ್ಯಾಪ್ತಿಗಳೆಂದು ಕರೆದಿದ್ದಾರೆ. ಇಲ್ಲಿ ಎರಡೂ ಉಂಟು. ಒಬ್ಬ ವಿದ್ವಾಂಸನು ನಲವತ್ತು ವರ್ಷ ಶಾಸನಗಳನ್ನು ಓದಿ, ತನ್ನ ಫಲಿತಾಂಶಗಳನ್ನು ಹಳೆಯ ಮಾದರಿಯ ಅಗಲವಾದ ಪುಟದಲ್ಲಿ, ಯಾವ ಲಿಂಕಿನ ಬಲವೂ ಇಲ್ಲದೆ ಪ್ರಕಟಿಸಿದ್ದರೆ, ಅವನು ಆಪ್ತನಾಗಿದ್ದೂ ಗುರುತಿಗೆ ಹೊರಗಾಗುತ್ತಾನೆ, ಇದು ಅವ್ಯಾಪ್ತಿ. ಯಂತ್ರದ ನುಡಿಗಟ್ಟನ್ನು ಬಲ್ಲ ಮತ್ತೊಬ್ಬನು ಅದೇ ವಿಷಯವನ್ನು ಎರಡು ಮೂರು ಪುಟಗಳಿಂದ ಕಲಸಿ, ಉಪಶೀರ್ಷಿಕೆಗಳನ್ನು ಜೋಡಿಸಿ, ಪ್ರಶ್ನೋತ್ತರದ ರೂಪಕ್ಕೆ ಇಳಿಸಿ ಪ್ರಕಟಿಸಿದರೆ, ಅವನು ಶಾಸನವನ್ನು ಕಣ್ಣಿನಿಂದ ಕಾಣದಿದ್ದರೂ ಗುರುತಿನೊಳಗೆ ಸೇರುತ್ತಾನೆ, ಇದು ಅತಿವ್ಯಾಪ್ತಿ. ಪ್ರತಿಯೊಂದು ಪರಿಷ್ಕರಣವೂ ಈ ಎರಡರಲ್ಲಿ ಒಂದನ್ನು ಕಡಮೆಮಾಡಲು ಹೋಗಿ ಸಾಮಾನ್ಯವಾಗಿ ಇನ್ನೊಂದನ್ನು ಹೆಚ್ಚಿಸುವುದು. ಬಲೆಯ ಕಣ್ಣನ್ನು ಕಿರಿದುಮಾಡಿದರೆ ಕಸವೂ ಸಿಕ್ಕುವುದು, ಹಿರಿದುಮಾಡಿದರೆ ಮೀನೂ ತಪ್ಪಿಸಿಕೊಳ್ಳುವುದು.

ಈ ದೋಷಗಳು ಎಲ್ಲ ಭಾಷೆಗಳಿಗೂ ಸಾಮಾನ್ಯವಾದುವು. ಕನ್ನಡದಲ್ಲಿ ಅವು ಬಲವತ್ತರವಾಗುವುದಕ್ಕೆ ವಿಶೇಷ ಕಾರಣವಿದೆ. ಲಿಂಕುಗಳನ್ನು ಆಧಾರವಾಗಿಟ್ಟುಕೊಂಡ ಶ್ರೇಣಿಗೆ ದೊಡ್ಡದೊಂದು ಸಭೆ ಬೇಕು. ಇಂಗ್ಲಿಷಿನಲ್ಲಿ ಒಂದು ವಿಷಯದ ಮೇಲೆ ಸಾವಿರಾರು ಪುಟಗಳಿದ್ದು ಅವು ಒಂದನ್ನೊಂದು ಉದಾಹರಿಸುತ್ತಿರುವಲ್ಲಿ ಒಬ್ಬಿಬ್ಬರ ಅಪ್ರಾಮಾಣಿಕತೆ ಮುಳುಗಿಹೋಗುವುದು. ಕನ್ನಡದಲ್ಲಿ ಒಂದು ವಿಷಯಕ್ಕೆ ಐದೋ ಆರೋ ಪುಟಗಳಿರುವಲ್ಲಿ, ಅವು ಒಂದನ್ನೊಂದು ಹೆಸರಿಸದೆ ಇರುವಲ್ಲಿ, ಸಭೆಯೇ ಇಲ್ಲವೆನ್ನಬೇಕು. ಹಾಳೂರಿಗೆ ಉಳಿದವನೇ ಗೌಡನೆಂಬ ಗಾದೆ ಅಲ್ಲಿ ಅಕ್ಷರಶಃ ನಿಜವಾಗುವುದು. ಮೊದಲ ಸ್ಥಾನವೆಂಬುದು ಉತ್ತಮತ್ವವನ್ನು ಹೇಳುವುದಿಲ್ಲ, ಇದ್ದುದರಲ್ಲಿ ಮೊದಲು ಎಂಬುದನ್ನು ಮಾತ್ರ ಹೇಳುವುದು. ವಾಚಕನಿಗೆ ಈ ಭೇದವು ಕಾಣಿಸದೆ ಹೋಗುವುದೇ ಅಪಾಯ.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಲ್ಲ. ೨೦೨೧ರ ಜೂನ್ ತಿಂಗಳಿನಲ್ಲಿ, ಭಾರತದ ಅತ್ಯಂತ ಕುರೂಪವಾದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಶೋಧಯಂತ್ರವು ಕನ್ನಡವೆಂಬ ಉತ್ತರವನ್ನು ಎಲ್ಲಕ್ಕೂ ಮೇಲಿನ ಚೌಕದೊಳಗೆ ತೋರಿಸಿತು. ನಾಡಿನಲ್ಲೆಲ್ಲ ಕೋಪವೆದ್ದಿತು. ಅಂದು ರಾಜ್ಯದ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಸಂಸ್ಥೆಯು ಕ್ಷಮೆ ಕೇಳಬೇಕೆಂದು ಒತ್ತಾಯಪಡಿಸಿದರು. ಜೂನ್ ೩ರಂದು ಸಂಸ್ಥೆಯು ಉತ್ತರವನ್ನು ತೆಗೆದುಹಾಕಿ ಕ್ಷಮೆಯನ್ನು ಕೇಳಿತು; ಅದು ತನ್ನ ಅಭಿಪ್ರಾಯವಲ್ಲವೆಂದೂ, ಜಾಲದಲ್ಲಿರುವ ಬರಹದ ರೀತಿಯಿಂದ ಕೆಲವು ವೇಳೆ ವಿಚಿತ್ರವಾದ ಫಲಿತಾಂಶಗಳು ಬರುವುವೆಂದೂ ಸಮಾಧಾನ ಹೇಳಿತು.

ಕೋಪವು ನ್ಯಾಯವಾದುದೇ, ಆದರೆ ಕೋಪವು ಇಳಿದ ಮೇಲೆ ವಿದ್ವಾಂಸರು ವಿಚಾರಿಸತಕ್ಕ ಅಂಶಗಳು ಮೂರು ಉಳಿದುವು. ಮೊದಲನೆಯದಾಗಿ, ಪ್ರಶ್ನೆಯೇ ದುಷ್ಟ. ಕುರೂಪವಾದ ಭಾಷೆಯೆಂಬುದು ಮೊಲದ ಕೊಂಬಿನಂತೆ. ಅದು ಯಾರ ತಲೆಯ ಮೇಲಿದೆಯೆಂದು ಕೇಳಿದರೆ ಬಲ್ಲವನು ಪ್ರಶ್ನೆಯನ್ನು ನಿರಾಕರಿಸುವನು. ಯಂತ್ರಕ್ಕೆ ನಿರಾಕರಿಸುವ ವಿವೇಕವಿರಲಿಲ್ಲ. ಎರಡನೆಯದಾಗಿ, ವಿದ್ಯಾವಂತರು ಇಂಥ ಪ್ರಶ್ನೆಯ ಮೇಲೆ ಬರೆಯುವುದಿಲ್ಲವಾದಕಾರಣ ಆ ಜಾಗವು ಬರಿದಾಗಿತ್ತು. ಬರಿದಾದ ಜಾಗದಲ್ಲಿ ಯಾವನೋ ಗೀಚಿದ ಸಾಲು ಗೌಡಿಕೆಯನ್ನು ಪಡೆಯಿತು. ಮೂರನೆಯದಾಗಿ, ಮತ್ತು ಇದು ಎಲ್ಲಕ್ಕಿಂತ ಮುಖ್ಯವಾದುದು, ಹತ್ತು ಪುಟಗಳ ಸಾಲಿನಲ್ಲಿ ಆ ಸಾಲು ಇದ್ದಿದ್ದರೆ ಯಾರೋ ಒಬ್ಬನ ಮಾತೆಂದು ವಾಚಕನು ದಾಟಿಹೋಗುತ್ತಿದ್ದನು. ಚೌಕದೊಳಗೆ ಒಂಟಿಯಾಗಿ ನಿಂತಾಗ ಅದು ಯಾರೋ ಒಬ್ಬನ ಮಾತಾಗಿ ಉಳಿಯದೆ ಯಂತ್ರದ ತೀರ್ಪೆಂದು ತೋರಿತು. ಪಟ್ಟಿಯನ್ನು ಕೊಡುವವನು ಗ್ರಂಥಪಾಲಕ. ಒಂದೇ ಉತ್ತರವನ್ನು ಕೊಡುವವನು ನ್ಯಾಯಾಧೀಶ. ಶೋಧಯಂತ್ರವು ಮೊದಲನೆಯ ಪದವಿಯಿಂದ ಎರಡನೆಯದಕ್ಕೆ ಯಾರ ಆಜ್ಞೆಯೂ ಇಲ್ಲದೆ ಏರಿಬಿಟ್ಟಿತ್ತು. ೨೦೨೪ರಲ್ಲಿ ಮೊದಲು ಅಮೆರಿಕದಲ್ಲಿಯೂ ಅನಂತರ ಭಾರತದಲ್ಲಿಯೂ, ಹಲವು ಪುಟಗಳ ಸಾರವನ್ನು ಯಂತ್ರವೇ ತನ್ನ ವಾಕ್ಯಗಳಲ್ಲಿ ಬರೆದು ಮೇಲಿಡುವ ಕ್ರಮವು ಬಂದಿತು. ಆ ಪುಟಗಳನ್ನು ತೆರೆಯದೆಯೇ ವಾಚಕನು ಹಿಂದಿರುಗಬಹುದಾಗಿದೆ. ಹೀಗೆ ೨೦೨೧ರಲ್ಲಿ ಅಪವಾದದಂತೆ ಕಂಡದ್ದು ಈಗ ಪದ್ಧತಿಯಾಗುತ್ತಿದೆ.

ಮೈಸೂರು ನಗರದ ದೃಷ್ಟಿಯಿಂದ ಈ ವಿಷಯವನ್ನು ನೋಡಿದರೆ ಮತ್ತಷ್ಟು ಸಂಗತಿಗಳು ಹೊರಬೀಳುವುವು. ೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ ‘ಮೈಸೋರ್’ ಎಂಬುದು ‘ಮೈಸೂರು’ ಆಯಿತು. ಕನ್ನಡದಲ್ಲಿ ಬರೆಯುವವರಿಗೆ ಬದಲಾವಣೆಯೇನೂ ಇಲ್ಲ. ಜಾಲದಲ್ಲಿ ಮಾತ್ರ ಒಂದೂರಿಗೆ ಎರಡು ಇಂಗ್ಲಿಷ್ ಹೆಸರುಗಳು ನಿಂತುವು. ರೇಷ್ಮೆ, ಶ್ರೀಗಂಧದ ಸಾಬೂನು, ಸಿಹಿತಿಂಡಿ, ಚಿತ್ರಕಲೆಯ ಸಂಪ್ರದಾಯ, ವಿಶ್ವವಿದ್ಯಾನಿಲಯ ಇವೆಲ್ಲ ಹಳೆಯ ಹೆಸರನ್ನೇ ಹೊತ್ತಿವೆ. ಊರು ಹೊಸ ಹೆಸರನ್ನು ಹೊತ್ತಿದೆ. ಕೇಳುವವನು ಯಾವ ಕಾಗುಣಿತದಲ್ಲಿ ಕೇಳುತ್ತಾನೆ, ಯಂತ್ರವು ಎರಡನ್ನೂ ಒಂದೆಂದು ತಿಳಿಯುತ್ತದೆಯೆ ಎಂಬುದರ ಮೇಲೆ ಒಂದು ತಾಣದ ಅದೃಷ್ಟವು ನಿಂತಿರುವುದು. ಅಷ್ಟಾಂಗಯೋಗದ ಒಂದು ಅಭ್ಯಾಸಕ್ರಮಕ್ಕೆ ಪಟ್ಟಾಭಿ ಜೋಯಿಸರ ಶಿಷ್ಯಪರಂಪರೆಯಿಂದ ‘ಮೈಸೋರ್ ಶೈಲಿ’ ಎಂಬ ಹೆಸರು ಲೋಕದಲ್ಲೆಲ್ಲ ಹಬ್ಬಿದೆ. ಇದರಿಂದ ಊರಿನ ಹೆಸರು ಊರನ್ನು ಬಿಟ್ಟು ಹೊರಟುಹೋಯಿತು. ಗೋಕುಲಂ ಬಡಾವಣೆಯ ಯೋಗಶಾಲೆಯ ಪುಟವು ತನ್ನ ಊರಿನ ಹೆಸರಿಗಾಗಿ ಲಂಡನ್, ನ್ಯೂಯಾರ್ಕುಗಳ ಶಾಲೆಗಳೊಡನೆ ಹೋರಾಡಬೇಕಾಗಿದೆ. ಪರಸ್ಥಳದ ವಿದ್ಯಾರ್ಥಿಗಳನ್ನೇ ನಂಬಿದ ಸಣ್ಣ ಸಂಸ್ಥೆಗೆ ಒಂದು ಪರಿಷ್ಕರಣದಲ್ಲಿ ಸ್ಥಾನ ಇಳಿಯಿತೆಂದರೆ ಅದು ಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ವಿದ್ವತ್ತಿನ ಕಡೆಗೆ ತಿರುಗಿದರೆ, ಮೈಸೂರಿನಷ್ಟು ಕನ್ನಡದ ಆಕರಗಳು ಒಂದೆಡೆ ಸೇರಿರುವ ಊರುಗಳು ವಿರಳ. ೧೮೯೧ರಲ್ಲಿ ಮೊದಲಾದ ಓರಿಯೆಂಟಲ್ ಲೈಬ್ರರಿಯು ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿದೆ. ೧೯೧೬ರಲ್ಲಿ ವಿಶ್ವವಿದ್ಯಾನಿಲಯವೂ, ೧೯೬೯ರಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಸ್ಥಾಪಿತವಾದುವು. ಆ ಸಂಸ್ಥೆಯೇ ೨೦೧೬ರಲ್ಲಿ ಭಾರತವಾಣಿ ಎಂಬ ಜಾಲತಾಣವನ್ನು ತೆರೆದು ಬಹುಭಾಷೆಗಳ ಕೋಶಗಳನ್ನೂ ಪಠ್ಯಗಳನ್ನೂ ಸಾರ್ವಜನಿಕರ ಮುಂದಿಟ್ಟಿತು. ಇಂಥ ಸಾಮಗ್ರಿಯಿರುವಾಗಲೂ ಕನ್ನಡದ ಒಂದು ಶಬ್ದವನ್ನು ಕೇಳಿದವನಿಗೆ ಎಷ್ಟೋ ವೇಳೆ ತೆಳುವಾದ ಪುಟಗಳೇ ಮೊದಲು ಕಾಣಿಸುವುದಕ್ಕೆ ಕಾರಣವೇನು? ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹೊರಿಸುವುದು ನ್ಯಾಯವಾಗಲಾರದು.

ಯಂತ್ರವು ಅಕ್ಷರವನ್ನು ಓದಬಲ್ಲುದು, ಚಿತ್ರವನ್ನು ಅಷ್ಟು ಚೆನ್ನಾಗಿ ಓದಲಾರದು. ಕನ್ನಡ ಲಿಪಿಯು ೧೯೯೧ರ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಸೇರಿದ್ದರೂ, ಬಹುಕಾಲದವರೆಗೆ ಕನ್ನಡದ ಕಡತಗಳು ಹಳೆಯ ಅಚ್ಚುಗಳಲ್ಲಿ, ಅಂದರೆ ರೋಮನ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕೃತಿಯನ್ನು ಹೊದಿಸಿದ ಫಾಂಟುಗಳಲ್ಲಿ, ತಯಾರಾದುವು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮತ್ತೆ ಎಷ್ಟೋ ಗ್ರಂಥಗಳು ಪುಟದ ಛಾಯಾಚಿತ್ರಗಳಾಗಿ ಮಾತ್ರ ಜಾಲಕ್ಕೆ ಏರಿವೆ. ಚಿತ್ರದಿಂದ ಅಕ್ಷರವನ್ನು ಗ್ರಹಿಸುವ ತಂತ್ರವು ಈಚೆಗೆ ಬೆಳೆದಿದೆಯಾದರೂ, ಹಳೆಯ ಮುದ್ರಣದ ಒತ್ತಕ್ಷರಗಳಲ್ಲಿಯೂ ಱ, ೞಗಳಲ್ಲಿಯೂ ಅದು ಎಡವುವ ಸಂಭವವು ಹೆಚ್ಚು. ಯೂನಿಕೋಡ್ ಪಟ್ಟಿಯಲ್ಲಿ ೞಕಾರಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದ ದೆಸೆಯಿಂದ ಇಂದಿಗೂ ಹಾಗೆಯೇ ನಿಂತಿದೆ. ಹಳಗನ್ನಡದ ಅಕ್ಷರವೊಂದರ ಗತಿ ಹೀಗಾದುದು ಮುಂದಿನದಕ್ಕೆ ಎಚ್ಚರಿಕೆಯಂತಿದೆ. ಓದಲಾಗದ ಪುಟವು ಯಾವ ಪರಿಷ್ಕರಣದಿಂದಲೂ ಏರುವುದಿಲ್ಲ, ಯಾವುದರಿಂದಲೂ ಇಳಿಯುವುದಿಲ್ಲ. ಅದು ಸಾಲಿನಲ್ಲಿಯೇ ಇಲ್ಲ. ಎರಡನೆಯ ತಪ್ಪು ವಿಳಾಸಗಳದು. ತಾಣವನ್ನು ಹೊಸದಾಗಿ ಕಟ್ಟುವಾಗ ಹಳೆಯ ಪುಟಗಳ ವಿಳಾಸವನ್ನು ಬದಲಿಸಿ, ಹೊಸದಕ್ಕೆ ದಾರಿಯನ್ನು ತೋರಿಸದೆ ಬಿಟ್ಟರೆ, ವರ್ಷಗಳಿಂದ ಬಂದ ಲಿಂಕುಗಳೆಲ್ಲ ಬರಿದಾದ ಜಾಗಕ್ಕೆ ಹೋಗಿ ನಿಲ್ಲುವುವು. ವಿಮಳೋದಯರ ಗದ್ಯಕ್ಕೆ ಕಾಲವು ಮಾಡಿದುದನ್ನು ಇಲ್ಲಿ ಅಜಾಗರೂಕತೆಯು ಮಾಡುತ್ತದೆ. ಮೂರನೆಯದು ಪಂಡಿತರ ಮೌನ. ಮುದ್ರಿತ ಲೇಖನಗಳಲ್ಲಿ ಒಬ್ಬರನ್ನೊಬ್ಬರು ಹೆಸರಿಸುವ ವಿದ್ವಾಂಸರು ಜಾಲದಲ್ಲಿ ಬರೆಯುವಾಗ ಬೇರೆ ಕನ್ನಡ ಪುಟವನ್ನು ನಿರ್ದೇಶಿಸುವುದು ಅಪೂರ್ವ. ತಲೆದೂಗುವ ಸಹೃದಯರು ಬಾಯಿ ಮುಚ್ಚಿ ಕುಳಿತ ಸಭೆಯಲ್ಲಿ ಕೂಲಿಯವರ ಚಪ್ಪಾಳೆಯೇ ಕೇಳಿಸುವುದು ಆಶ್ಚರ್ಯವಲ್ಲ.

ಇದು ಖಾಸಗಿ ಸಂಸ್ಥೆಯೊಂದರ ವ್ಯಾಪಾರ, ವಿದ್ವಾಂಸರಿಗೆ ಇದರ ಗೊಡವೆಯೇಕೆ ಎಂದು ಕೇಳುವವರುಂಟು. ವ್ಯಾಪಾರವೆಂಬುದು ನಿಜವೇ. ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರವು ಸ್ವಭಾವತಃ ಜಾಹೀರಾತುದಾರರ ಕಡೆಗೆ ವಾಲುವುದೆಂದು ೧೯೯೮ರ ಆ ಪ್ರಬಂಧದಲ್ಲಿಯೇ ಅದರ ಕರ್ತೃಗಳು ಒಪ್ಪಿಕೊಂಡಿದ್ದರು. ೨೦೧೮ರ ಫೆಬ್ರವರಿಯಲ್ಲಿ ಭಾರತದ ಸ್ಪರ್ಧಾ ಆಯೋಗವು ಶೋಧಫಲಗಳಲ್ಲಿ ಪಕ್ಷಪಾತವಿದೆಯೆಂದು ಗೂಗಲ್ ಸಂಸ್ಥೆಗೆ ೧೩೫.೮೬ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು; ೨೦೨೪ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಲಯವೊಂದು ಶೋಧದ ಕ್ಷೇತ್ರದಲ್ಲಿ ಆ ಸಂಸ್ಥೆಯು ಏಕಸ್ವಾಮ್ಯವನ್ನು ಕಾನೂನಿಗೆ ವಿರುದ್ಧವಾಗಿ ಕಾಪಾಡಿಕೊಂಡಿದೆಯೆಂದು ತೀರ್ಮಾನಿಸಿತು. ವ್ಯಾಪಾರದ ಪ್ರಶ್ನೆಯನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ಆದರೆ ವಿದ್ಯಾರ್ಥಿಯು ಮೊದಲು ಓದುವುದು ಯಾವುದನ್ನು ಎಂಬುದು ವ್ಯಾಪಾರದ ಪ್ರಶ್ನೆಯಲ್ಲ. ತರಗತಿಯಲ್ಲಿ ಉಪಾಧ್ಯಾಯನು ಹೇಳಿದ ಪಾಠಕ್ಕೂ ರಾತ್ರಿ ಮೊಬೈಲಿನಲ್ಲಿ ಕಂಡ ಮೊದಲ ಸಾಲಿಗೂ ವಿರೋಧ ಬಂದರೆ ಹುಡುಗನು ಯಾವುದನ್ನು ನಂಬುವನೆಂಬುದು ಉಪಾಧ್ಯಾಯರಿಗೆ ತಿಳಿದ ಸಂಗತಿಯೇ.

ಇನ್ನೊಂದು ಫಲವು ಇದಕ್ಕಿಂತ ಸೂಕ್ಷ್ಮವಾದುದು. ಅದು ಬರಹದ ಶೈಲಿಗೆ ತಗಲುವುದು. ಆಸ್ಥಾನಕವಿಯು ಅರಸನ ರುಚಿಯನ್ನು ಅರಿತು ಬರೆದನು. ಆದರೆ ಅರಸನು ಕಣ್ಣೆದುರಿಗೆ ಇದ್ದನು, ಅವನೊಡನೆ ವಾದಿಸಬಹುದಾಗಿತ್ತು, ಬೇಡವೆಂದರೆ ಬೇರೆ ಆಸ್ಥಾನಕ್ಕೆ ಹೋಗಬಹುದಾಗಿತ್ತು. ಯಂತ್ರವನ್ನು ಒಲಿಸಬೇಕೆನ್ನುವ ಇಂದಿನ ಬರಹಗಾರನು ಕಾಣದ ಪ್ರಭುವಿನ ಮನಸ್ಸನ್ನು ಊಹಿಸುತ್ತ ಬರೆಯುತ್ತಾನೆ. ಕೇಳುವವರು ಟೈಪ್ ಮಾಡಬಹುದಾದ ಮಾತುಗಳನ್ನೇ ಶೀರ್ಷಿಕೆಯಾಗಿಡುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಪಕ್ಕದ ಮನೆಯವರು ಬರೆದುದನ್ನೇ ತಿರುಗಿಸಿ ಬರೆಯುವುದು ಇವು ಇದರ ಫಲ. ಪರಿಷ್ಕರಣವು ಇಂಥ ಬರಹವನ್ನು ಇಳಿಸಿದಾಗ ಯಂತ್ರವು ದಂಡಿಸುವುದು ತಾನೇ ಹುಟ್ಟಿಸಿದ ಶಿಶುವನ್ನು. ಈ ಒಂದು ಅಂಶದಲ್ಲಿ ೨೦೨೨ರ ಪರಿಷ್ಕರಣದ ಧ್ಯೇಯವು ನಿಜವಾದ ವಿಮರ್ಶೆಗೆ ಹತ್ತಿರ ಬಂದಿತೆಂದು ಒಪ್ಪಬೇಕು. ಧ್ಯೇಯವನ್ನು ಸಾಧಿಸುವ ಕಣ್ಣು ಮಾತ್ರ ಅದಕ್ಕಿನ್ನೂ ಬಂದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಶೋಧಯಂತ್ರವು ಅದ್ಭುತವಾದ ಅನುಕ್ರಮಣಿಕೆ, ಸಾಧಾರಣವಾದ ಗ್ರಂಥಪಾಲಕ, ದುರ್ಬಲವಾದ ವಿಮರ್ಶಕ. ಮೊದಲನೆಯ ಪಾತ್ರದಲ್ಲಿ ಅದರ ಉಪಕಾರವನ್ನು ಮರೆಯುವುದು ಕೃತಘ್ನತೆ. ಮೂರನೆಯ ಪಾತ್ರದಲ್ಲಿ ಅದರ ಮಾತನ್ನು ಪ್ರಮಾಣವೆಂದು ಹಿಡಿಯುವುದು ಅವಿವೇಕ. ಪ್ರತಿಯೊಂದು ಗ್ರಂಥಕ್ಕೂ ಅದರ ವಾಚಕನು ದೊರೆಯಬೇಕು, ವಾಚಕನ ಕಾಲವು ಉಳಿಯಬೇಕು ಎಂಬ ತತ್ತ್ವಗಳನ್ನು ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳೊಳಗೆ ಹೇಳಿದರು. ಯಂತ್ರವು ವಾಚಕನ ಕಾಲವನ್ನು ಉಳಿಸುವ ಸೂತ್ರವನ್ನು ಚೆನ್ನಾಗಿ ಹಿಡಿದಿದೆ. ಗ್ರಂಥಕ್ಕೆ ವಾಚಕನನ್ನು ದೊರಕಿಸುವ ಸೂತ್ರವನ್ನು ಕೈಬಿಟ್ಟಿದೆ. ಅದನ್ನು ಹಿಡಿಯತಕ್ಕವರು ಪಂಡಿತರೂ ಉಪಾಧ್ಯಾಯರೂ ಸಂಸ್ಥೆಗಳೂ. ಪಠ್ಯವನ್ನು ಯೂನಿಕೋಡ್ ಅಕ್ಷರಗಳಲ್ಲಿ ಕೊಡುವುದು, ಬರೆದವರ ಹೆಸರನ್ನೂ ಆಧಾರವನ್ನೂ ಪುಟದಲ್ಲಿ ಕಾಣಿಸುವುದು, ಒಮ್ಮೆ ಕೊಟ್ಟ ವಿಳಾಸವನ್ನು ಕೆಡಿಸದಿರುವುದು, ಒಳ್ಳೆಯ ಪುಟವನ್ನು ಕಂಡಾಗ ಹೆಸರಿಟ್ಟು ನಿರ್ದೇಶಿಸುವುದು, ಹಳೆಯ ಮತ್ತು ಹೊಸ ಕಾಗುಣಿತಗಳೆರಡನ್ನೂ ಪುಟದಲ್ಲಿ ಸೂಚಿಸುವುದು ಇವು ಯಾವ ಪರಿಷ್ಕರಣಕ್ಕೂ ಹೆದರಬೇಕಾಗಿಲ್ಲದ ಕೆಲಸಗಳು. ಏಕೆಂದರೆ ಇವು ಯಂತ್ರಕ್ಕಾಗಿ ಹುಟ್ಟಿದುವಲ್ಲ, ವಿದ್ವತ್ತಿನ ಹಳೆಯ ಸದಾಚಾರಗಳೇ ಆಗಿವೆ. ವಿದ್ಯಾರ್ಥಿಗೆ ಮೊದಲ ಪುಟವನ್ನು ದಾಟಿ ಎರಡನೆಯದನ್ನೂ ನೋಡುವ ಅಭ್ಯಾಸವನ್ನು ಕಲಿಸುವುದು ಉಪಾಧ್ಯಾಯನ ಭಾಗಕ್ಕೆ ಬಂದುದು.

೧೯೦೫ರಲ್ಲಿ ಮೈಸೂರಿಗೆ ಬಂದ ಆ ಓಲೆಗರಿಯ ಕಟ್ಟಿನ ಮೇಲೆ ಮೊದಲ ಸ್ಥಾನವೆಂಬ ಗುರುತೇನೂ ಇರಲಿಲ್ಲ; ಅದನ್ನು ನಿರ್ದೇಶಿಸುವ ಪಟ್ಟಿಯೂ ಇರಲಿಲ್ಲ. ಕೊಟ್ಟವನ ಔದಾರ್ಯವೂ ತೆಗೆದುಕೊಂಡವನ ವ್ಯುತ್ಪತ್ತಿಯೂ ಕೂಡಿದಾಗ ಗ್ರಂಥವು ಬೆಳಕಿಗೆ ಬಂದಿತು. ಸಾಲಿನ ಕೊನೆಯಲ್ಲಿರುವುದನ್ನು ಬಿಚ್ಚಿ ನೋಡುವ ಆ ಕುತೂಹಲವನ್ನು ಯಾವ ಯಂತ್ರವೂ ಕಿತ್ತುಕೊಳ್ಳಲಾರದು. ಬಿಟ್ಟುಕೊಡುವವರು ವಾಚಕರೇ ಆದರೆ ಮಾತ್ರ ಅದು ಹೋದೀತು.